ಕಾಲೇಜು ಗೇಟಿನ ಒಳಗೂ ಹೊರಗೂ ಒಂದೇ ನಿಯಮ: ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಮಾರುವಂತಿಲ್ಲ

ದಾವಣಗೆರೆ: ಕಾಲೇಜಿನಲ್ಲಿ ವಾರ್ಷಿಕೋತ್ಸವ, ಬೀಳ್ಕೊಡುಗೆ ಅಂದ್ರೆ ಊಟ-ತಿಂಡಿ ಇದ್ದೇ ಇರುತ್ತೆ. ಮರುದಿನ ಮೈದಾನದ ಮೂಲೆಯಲ್ಲಿ ಬಿದ್ದಿರುವ ತಟ್ಟೆ, ಲೋಟ, ಚಮಚ ಬಂದಿರೋದು ಪೇಟೆಯ ಅಂಗಡಿಯಿಂದಲೇ. ಹಾಗಾಗಿ ನಿಯಮ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ವ್ಯಾಪಾರಿಗಳಿಗೂ ಗೊತ್ತಿರಬೇಕು.

ನಿಯಮ ಏನು?

ರಾಜ್ಯ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರ್, ಊಟದ ಟೇಬಲ್ ಹಾಳೆಗಳನ್ನು ನಿಷೇಧಿಸಿದೆ. ಚೀಲ ಎಷ್ಟೇ ದಪ್ಪ ಇದ್ದರೂ ವಿನಾಯಿತಿ ಇಲ್ಲ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಸ್ಟ್ರಾ, ಐಸ್‌ಕ್ರೀಮ್ ಕಡ್ಡಿ, ಬಲೂನ್ ಕಡ್ಡಿ, ಸ್ವೀಟ್ ಬಾಕ್ಸ್ ಮೇಲಿನ ಹಾಳೆ, ಅಲಂಕಾರದ ಥರ್ಮಾಕೋಲ್ ಕೂಡ ಆ ಪಟ್ಟಿಯಲ್ಲಿವೆ. ಪ್ಲಾಸ್ಟಿಕ್ ಮುಕ್ತ ಕ್ಯಾಂಪಸ್ ಮಾಡುವಂತೆ ಯುಜಿಸಿ 2019ರಲ್ಲೇ ವಿಶ್ವವಿದ್ಯಾನಿಲಯಗಳಿಗೆ ತಿಳಿಸಿದೆ. ಅದು ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪದವಿ ಕಾಲೇಜುಗಳಿಗೂ ಅನ್ವಯ.

ಥರ್ಮಾಕೋಲ್ ಯಾಕೆ ಕಷ್ಟ?

ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ ಉಬ್ಬಿಸಿ ಇದನ್ನು ಮಾಡ್ತಾರೆ. ಗಾತ್ರದಲ್ಲಿ ಶೇ 90ಕ್ಕೂ ಹೆಚ್ಚು ಗಾಳಿಯೇ. ಚೀಲಗಟ್ಟಲೆ ತುಂಬಿದರೂ ತೂಕ ಬರಲ್ಲ, ಗುಜರಿಯವರು ಮುಟ್ಟಲ್ಲ. ಪುಡಿಯಾಗಿ ಚರಂಡಿ ಸೇರುತ್ತೆ. ಹೊನ್ನಾಳಿಯಂಥ ಹೊಳೆದಂಡೆ ಊರಲ್ಲಿ ಮುಂದಿನ ದಾರಿ ತುಂಗಭದ್ರೆಗೇ. ಸುಟ್ಟರೆ ವಿಷದ ಹೊಗೆ.

ಪೇಪರ್ ಲೋಟ ನಡೆಯುತ್ತಾ?

ಟೀ ಸೋರದಿರಲೆಂದು ಹೆಚ್ಚಿನ ಪೇಪರ್ ಲೋಟಗಳ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಅವನ್ನು ಗೊಬ್ಬರದ ಗುಂಡಿಗೆ ಹಾಕಬಾರದು.

ಅಡಿಕೆ ಹಾಳೆ ತಟ್ಟೆ?

ಚನ್ನಗಿರಿ ಅಡಿಕೆ ಸೀಮೆ, ಹಾಳೆಗೆ ಕೊರತೆ ಇಲ್ಲ. ತಟ್ಟೆ ಮಣ್ಣಲ್ಲಿ ಕರಗುತ್ತೆ, ಬೆಳೆಗಾರರಿಗೆ ನಾಲ್ಕು ಕಾಸೂ ಸಿಗುತ್ತೆ. ಆದರೆ ಅಡಿಕೆಯ ಆಲ್ಕಲಾಯ್ಡ್ ಅಂಶ ಆಹಾರಕ್ಕೆ ಇಳಿಯಬಹುದು ಎಂದು ಅಮೆರಿಕದ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಇಲ್ಲಿ ಇದಕ್ಕೆ ನಿಷೇಧವಿಲ್ಲ. ದಿನನಿತ್ಯದ ಕ್ಯಾಂಟೀನಿಗೆ ಸ್ಟೀಲ್, ಅಪರೂಪದ ಸಮಾರಂಭಕ್ಕೆ ಬಾಳೆಲೆ, ಮುತ್ತುಗದೆಲೆ ಅಥವಾ ಹಾಳೆ ತಟ್ಟೆ ಅಂತ ಇಟ್ಟುಕೊಳ್ಳಬಹುದು.

ಏನು ಮಾಡಬಹುದು?

* ಕಾಲೇಜು: 200 ಸ್ಟೀಲ್ ತಟ್ಟೆ-ಲೋಟ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳಿಕೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಹೀಗೆಯೇ ತಟ್ಟೆ ಬ್ಯಾಂಕ್ ನಡೆಸುತ್ತಿದೆ. ಜಗಳೂರಿನಂಥ ನೀರಿನ ಅಭಾವದ ಕಡೆ ನಲ್ಲಿ ಬಿಡದೆ ಮೂರು ಬಕೆಟ್‌ನಲ್ಲಿ ಅದ್ದಿ ತೊಳೆಯಿರಿ, ಕೊನೆ ಬಕೆಟ್‌ನಲ್ಲಿ ಶುದ್ಧ ನೀರಿರಲಿ.
* ಟೀ ಅಂಗಡಿ: ಗಾಜಿನ ಲೋಟ. ಪಾರ್ಸಲ್‌ಗೆ ಗಿರಾಕಿಯೇ ಫ್ಲಾಸ್ಕ್ ತಂದರೆ ಒಂದು ರೂಪಾಯಿ ಕಡಿಮೆ ಮಾಡಿ ನೋಡಿ.
* ಹೋಟೆಲ್: ಡಬ್ಬಿ ತಂದವರಿಗೆ ಮೊದಲ ಆದ್ಯತೆ ಕೊಡಿ.
* ಕಿರಾಣಿ ಅಂಗಡಿ: ಹೊಸ ಮಾಲು ಹಾಕುವ ಮುನ್ನ ಪಟ್ಟಿ ನೋಡಿ. ನಿಷೇಧಿತ ಮಾಲು ಸಿಕ್ಕರೆ ಸ್ಥಳೀಯ ಸಂಸ್ಥೆ ಜಪ್ತಿ ಮಾಡಿ ದಂಡ ಹಾಕಬಹುದು. ಸಪ್ಲೈ ಮಾಡಿದವರು ಆಗ ಬರಲ್ಲ, ನಷ್ಟ ಅಂಗಡಿಯವರದ್ದೇ.