ಕೊಬ್ಬಿನ ಗಂಟು

ಬಾಣಾವರದ ಕಡೆ ‘ಅವನಿಗೆ ಕೊಬ್ಬು’ ಎಂದರೆ ಸೊಕ್ಕು. ಹಳಗನ್ನಡದ ‘ಕೊರ್ವು’ ಈ ಪದದ ಮೂಲ; ಬೆಳೆ, ಸೊಂಪಾಗು, ಗರ್ವಪಡು, ಎಲ್ಲ ಅರ್ಥವೂ ಅದರಲ್ಲಿತ್ತು. ತಮಿಳಿನ ‘ಕೊೞುಪ್ಪು’ ಕೂಡ ಹಾಗೆಯೇ. ಮೈಯಲ್ಲಿ ಏಳುವ ಕೊಬ್ಬಿನ ಗಂಟಿಗೆ ವೈದ್ಯರು ಹೇಳುವ ‘ಲಿಪೋಮ’ ಗ್ರೀಕಿನದು: ಲಿಪೋಸ್ ಎಂದರೆ ಕೊಬ್ಬು, ‘ಓಮ’ ಗಡ್ಡೆ ಸೂಚಿಸುವ ಪ್ರತ್ಯಯ. ಬೆನ್ನು, ಕತ್ತಿನಲ್ಲಿ ಇದು ಸಾಮಾನ್ಯ, ಬಾಯಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಕೆನ್ನೆಯ ಒಳಗೋಡೆಯಲ್ಲಿ, ನಲವತ್ತು ದಾಟಿದವರಲ್ಲಿ, ಹಳದಿ ಛಾಯೆಯ, ಮೆತ್ತನೆಯ, ನೋವಿಲ್ಲದ ಉಬ್ಬಾಗಿ ಕಾಣುತ್ತದೆ. ಕತ್ತರಿಸಿ ತೆಗೆದ ತುಣುಕನ್ನು ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ಗೆ ಹಾಕಿದರೆ ತೇಲುತ್ತದೆ, ಎಣ್ಣೆ ನೀರಿನ ಮೇಲೆ ತೇಲುವಂತೆ! ಮತ್ತೆ ಬೆಳೆಯುವುದು ಕಡಿಮೆ. ‘ಗಡ್ಡೆ’ ಎಂದೊಡನೆ ಕ್ಯಾನ್ಸರೆಂದು ನಡುಗುವವರಿಗೆ ‘ಕೊಬ್ಬಿನ ಗಂಟು’ ಎಂಬ ನಮ್ಮ ಮಾತೇ ಹಿತ. ಆದರೂ ಬಾಯೊಳಗಿನ ಯಾವ ಗಂಟನ್ನೂ ದಂತವೈದ್ಯರಿಗೆ ತೋರಿಸದೆ ಬಿಡಬಾರದು.