1024 ಗೂಡುಗಳ ಕಪಾಟು

ಓದುಬರಹ ಬಾರದವರನ್ನು ‘ಹೆಬ್ಬೆಟ್ಟು’ ಎಂದು ಹಂಗಿಸುವುದು ನಮ್ಮಲ್ಲಿ ಹಳೆಯ ಚಾಳಿ. ಹಾಗೆ ಹಂಗಿಸುವವರು ಒಂದು ಮಾತು ಮರೆಯುತ್ತಾರೆ. ರುಜುವನ್ನು ಇನ್ನೊಬ್ಬ ನಕಲು ಮಾಡಬಲ್ಲ. ತಾನೇ ಹಾಕಿದ ರುಜುವನ್ನು ‘ಇದು ನನ್ನದಲ್ಲ’ ಎಂದು ಅಲ್ಲಗಳೆಯಲೂ ಬಲ್ಲ. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್‌ಗೆ ಇದೇ ಅನುಮಾನ. ರಸ್ತೆ ಕೆಲಸಕ್ಕೆ ಸಾಮಗ್ರಿ ಒದಗಿಸಲು ಒಪ್ಪಿದ್ದ ರಾಜ್ಯಧರ ಕೊನಾಯಿ ಎಂಬಾತನ ಅಂಗೈಗೆ ಮಸಿ ಬಳಿದು, ಕರಾರು ಪತ್ರದ ಹಿಂಬದಿಗೆ ಒತ್ತಿಸಿಕೊಂಡ. ಆಗ ಅವನ ಉದ್ದೇಶ ಆ ಮನುಷ್ಯ ಮಾತಿಗೆ ತಪ್ಪದಂತೆ ಹೆದರಿಸುವುದಷ್ಟೇ. ಆದರೆ ಕುತೂಹಲ ಬೆಳೆಯಿತು. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿದಾರರು, ಪತ್ರ ನೋಂದಣಿಗೆ ಬಂದವರು, ಜೈಲಿನ ಕೈದಿಗಳು ಎಲ್ಲರಿಂದಲೂ ಆತ ಬೆರಳ ಮುದ್ರೆ ಪಡೆಯತೊಡಗಿದ್ದ. ಸತ್ತವನ ಪಿಂಚಣಿಯನ್ನು ಬದುಕಿದ್ದವನು ಎಣಿಸಿಕೊಂಡು ಹೋಗುವ ದಂಧೆಗೆ ಇದರಿಂದ ತಡೆ ಬಿತ್ತು.

1880ರಲ್ಲಿ ಜಪಾನಿನಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್, ಬೆರಳ ಗುರುತಿನಿಂದ ಅಪರಾಧಿಯನ್ನು ಹಿಡಿಯಬಹುದೆಂದು ‘ನೇಚರ್’ ಪತ್ರಿಕೆಗೆ ಬರೆದ. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್, ಈ ಗೆರೆಗಳು ಜೀವಮಾನವಿಡೀ ಬದಲಾಗುವುದಿಲ್ಲ ಎಂಬುದಕ್ಕೆ ಪುರಾವೆಗಳನ್ನು ಪುಸ್ತಕವಾಗಿ ಮುಂದಿಟ್ಟ.

ಅಲ್ಲಿಗೆ ಪೊಲೀಸರ ಕೆಲಸ ಸುಲಭವಾಯಿತೆ? ಇಲ್ಲ. ಸಾವಿರಾರು ಕೈದಿಗಳ ಮುದ್ರೆಗಳು ಕಚೇರಿಯಲ್ಲಿವೆ ಎಂದುಕೊಳ್ಳಿ. ಮೊನ್ನೆ ‘ರಾಮ’ ಎಂದಿದ್ದವನು ಇಂದು ಸಿಕ್ಕಿಬಿದ್ದು ‘ಭೀಮ’ ಎನ್ನುತ್ತಾನೆ. ಹೆಸರಿನ ಅಕಾರಾದಿಯಿಂದ ಪ್ರಯೋಜನವಿಲ್ಲ. ಹಾಗಾದರೆ ಅವನ ಹಳೆಯ ಚೀಟಿಯನ್ನು ಎಲ್ಲಿ ಹುಡುಕುವುದು? ಪ್ಯಾರಿಸ್ಸಿನ ಬರ್ಟಿಯಾನ್ ತೋರಿಸಿಕೊಟ್ಟ ದಾರಿ ತಲೆ, ಕೈ, ಪಾದಗಳ ಅಳತೆ. ಬಂಗಾಳದ ಪೊಲೀಸ್ ಇನ್‌ಸ್ಪೆಕ್ಟರ್ ಜನರಲ್ ಎಡ್ವರ್ಡ್ ಹೆನ್ರಿಯೂ ಅದನ್ನು ಬಳಸಿ ನೋಡಿದ. ಒಬ್ಬ ಅಳೆದದ್ದಕ್ಕೂ ಇನ್ನೊಬ್ಬ ಅಳೆದದ್ದಕ್ಕೂ ತಾಳೆಯಾಗದೆ ಬೇಸತ್ತ.

ಇಲ್ಲಿ ಇಬ್ಬರು ಭಾರತೀಯರು ಕಥೆಗೆ ಬರುತ್ತಾರೆ. ಒಬ್ಬ, ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿ ಸಬ್ ಇನ್‌ಸ್ಪೆಕ್ಟರ್ ಆದ ಅಜೀಜುಲ್ ಹಕ್. ಇನ್ನೊಬ್ಬ ಹೇಮಚಂದ್ರ ಬೋಸ್. ಈ ಮಾಲಿಕೆಗೆ ಸಿದ್ಧತೆ ನಡೆಸುವಾಗ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇವರ ಕಪಾಟು. ವಿಜ್ಞಾನ ಓದಿದವನ ದೌರ್ಬಲ್ಯವೆನ್ನಿ.

ಸ್ಟ್ಯಾಂಪ್ ಪ್ಯಾಡ್ ಇದ್ದರೆ ನೀವೂ ಮಾಡಿ ನೋಡಿ. ಬೆರಳ ಗೆರೆಗಳು ಕೆಲವರಲ್ಲಿ ಕಮಾನಿನಂತೆ, ಹಲವರಲ್ಲಿ ಕುಣಿಕೆಯಂತೆ, ಇನ್ನು ಕೆಲವರಲ್ಲಿ ಸುಳಿಯಂತೆ ಇರುತ್ತವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸುಳಿ ಇದೆಯೋ, ಇಲ್ಲವೋ? ಬಲ ಹೆಬ್ಬೆರಳಿನಿಂದ ಎಡ ಕಿರುಬೆರಳಿನವರೆಗೆ ಹತ್ತು ಬೆರಳುಗಳನ್ನು ಕ್ರಮವಾಗಿ ಐದು ಜೋಡಿ ಮಾಡಿ. ಜೋಡಿಗಳಿಗೆ 16, 8, 4, 2, 1 ಎಂದು ಬೆಲೆ ಕಟ್ಟಿ. ಸುಳಿಯಿದ್ದ ಬೆರಳಿಗೆ ಆ ಬೆಲೆ, ಇಲ್ಲದ್ದಕ್ಕೆ ಸೊನ್ನೆ. 2, 4, 6, 8, 10ನೇ ಬೆರಳುಗಳ ಮೊತ್ತಕ್ಕೆ ಒಂದು ಕೂಡಿಸಿ ಅಂಶದಲ್ಲಿ ಬರೆಯಿರಿ. ಉಳಿದವುಗಳ ಮೊತ್ತಕ್ಕೂ ಒಂದು ಕೂಡಿಸಿ ಛೇದದಲ್ಲಿ ಬರೆಯಿರಿ. ಬಲ ಹೆಬ್ಬೆರಳು ಮತ್ತು ಬಲ ಉಂಗುರ ಬೆರಳುಗಳಲ್ಲಿ ಮಾತ್ರ ಸುಳಿಯಿದ್ದವನ ಸಂಖ್ಯೆ 9/17. ಮೇಲೂ ಕೆಳಗೂ 1ರಿಂದ 32ರವರೆಗೆ ಸಂಖ್ಯೆಗಳು ಬರಬಹುದಾದ್ದರಿಂದ 32 × 32, ಒಟ್ಟು 1024 ಗೂಡುಗಳು. ಹೆಸರು ಏನೇ ಹೇಳಲಿ, ಅವನ ಚೀಟಿ ಇರುವುದು 9/17ರ ಗೂಡಿನಲ್ಲೇ. ಎಲ್ಲ ಗೂಡುಗಳೂ ಸಮನಾಗಿ ತುಂಬುವುದಿಲ್ಲ. ಒಂದು ಸುಳಿಯೂ ಇಲ್ಲದವರ 1/1 ಗೂಡು ಕಿಕ್ಕಿರಿಯುತ್ತದೆ. ಅಂಥಲ್ಲಿ ಗೆರೆಗಳನ್ನು ಎಣಿಸಿ ಮತ್ತೆ ಒಳವಿಭಾಗ ಮಾಡಬೇಕಾಗುತ್ತದೆ.

1897ರಲ್ಲಿ ಸರ್ವೇಯರ್ ಜನರಲ್ ಚಾರ್ಲ್ಸ್ ಸ್ಟ್ರಹಾನ್ ಮತ್ತು ರಸಾಯನಶಾಸ್ತ್ರಜ್ಞ ಅಲೆಗ್ಸಾಂಡರ್ ಪೆಡ್ಲರ್ ಇದನ್ನು ಪರೀಕ್ಷಿಸಿ ಮೆಚ್ಚಿದರು. ಅದೇ ವರ್ಷ ಕಲ್ಕತ್ತಾದಲ್ಲಿ ಬೆರಳು ಮುದ್ರೆ ಕೇಂದ್ರ ಆರಂಭವಾಯಿತು.

ಆ ಆಗಸ್ಟಿನಲ್ಲೇ ಜಲಪಾಯಿಗುರಿಯ ಚಹಾ ತೋಟವೊಂದರ ಮ್ಯಾನೇಜರ್ ಕೊಲೆಯಾದ, ಹಣ ಮಾಯವಾಗಿತ್ತು. ಅಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಕಲೆಗಳು. ಅವುಗಳಲ್ಲೊಂದು, ಹಿಂದೆ ಕಳ್ಳತನಕ್ಕಾಗಿ ಶಿಕ್ಷೆಯಾಗಿದ್ದ ಹಳೆಯ ಆಳೊಬ್ಬನ ಬಲ ಹೆಬ್ಬೆರಳ ಗುರುತಿಗೆ ಹೊಂದಿತು. ಅವನ ಮುದ್ರೆ ಕಲ್ಕತ್ತಾದಲ್ಲಿತ್ತು. 1898ರಲ್ಲಿ ನ್ಯಾಯಾಲಯ ಅವನಿಗೆ ಕಳ್ಳತನದ ಶಿಕ್ಷೆ ವಿಧಿಸಿತು, ಕೊಲೆಯದನ್ನಲ್ಲ. ಪಂಚಾಂಗವನ್ನು ಮುಟ್ಟಿದ್ದಕ್ಕೆ ಸಾಕ್ಷಿಯಿತ್ತು, ಕೊಂದದ್ದನ್ನು ಕಂಡವರಿರಲಿಲ್ಲ. ಆ ಎಚ್ಚರಿಕೆ ನನಗೆ ತೀರ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಏಕೆಂದರೆ ಮುದ್ರೆಯನ್ನು ತಾಳೆ ನೋಡುವವರೂ ಮನುಷ್ಯರೇ. 2004ರಲ್ಲಿ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಅಮೆರಿಕದ ಎಫ್‌ಬಿಐ ತಜ್ಞರು ಒಂದು ಚೀಲದ ಮೇಲಿನ ಗುರುತನ್ನು ತಪ್ಪಾಗಿ ಓದಿ ನಿರಪರಾಧಿ ವಕೀಲನೊಬ್ಬನನ್ನು ಬಂಧಿಸಿದ್ದರು.

1899ರಲ್ಲಿ ಭಾರತದ ಸಾಕ್ಷ್ಯ ಕಾಯಿದೆಗೆ ತಿದ್ದುಪಡಿಯಾಗಿ, ಬೆರಳ ಗುರುತಿನ ಬಗ್ಗೆ ತಜ್ಞರ ಅಭಿಪ್ರಾಯ ಮಾನ್ಯವಾಯಿತು. 1901ರಲ್ಲಿ ಹೆನ್ರಿ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಹೋಗಿ ಅಲ್ಲೂ ಕೇಂದ್ರ ತೆರೆದ. ಪದ್ಧತಿಗೆ ‘ಹೆನ್ರಿ ಪದ್ಧತಿ’ ಎಂದೇ ಹೆಸರಾಯಿತು. ಹಕ್‌ಗೆ ಖಾನ್ ಬಹಾದ್ದೂರ್, ಬೋಸ್‌ಗೆ ರಾಯ್ ಬಹಾದ್ದೂರ್ ಬಿರುದುಗಳು ಬಂದವು. ತನ್ನ ಕೆಲಸಕ್ಕೆ ಮನ್ನಣೆ ಕೊಡಬೇಕೆಂದು ಹಕ್ ಸರ್ಕಾರಕ್ಕೆ ಬರೆದುಕೊಂಡ. 1926ರಲ್ಲಿ, ವರ್ಗೀಕರಣವನ್ನು ರೂಪಿಸುವಲ್ಲಿ ತನ್ನ ಸಿಬ್ಬಂದಿಯ ಪೈಕಿ ಹಕ್ ಪಾಲೇ ಹೆಚ್ಚಿನದೆಂದು ಹೆನ್ರಿ ಪತ್ರದಲ್ಲಿ ಒಪ್ಪಿಕೊಂಡ. ಬಹುಕಾಲದ ನಂತರ ಬ್ರಿಟನ್ನಿನ ಫಿಂಗರ್‌ಪ್ರಿಂಟ್ ಸೊಸೈಟಿ ಹಕ್ ಮತ್ತು ಬೋಸ್ ಇಬ್ಬರ ಹೆಸರಿನಲ್ಲೂ ಒಂದು ಬಹುಮಾನವನ್ನು ಸ್ಥಾಪಿಸಿತು.