ಕಾಂಗ್ರೆಸ್ ಹುಲ್ಲು: ಹೆಸರಿನ ಕತೆ, ಬೇರಿನ ಕತೆ

ಪುಣೆಯ ಮನೆಯಂಗಳದಲ್ಲಿ ಅದು ಗಾಜರ ಗವತ, ಹೈದರಾಬಾದಿನಲ್ಲಿ ವಯ್ಯಾರಿಭಾಮ, ಕರ್ನಾಟಕದಲ್ಲಿ ಕಾಂಗ್ರೆಸ್ ಹುಲ್ಲು. ಹೆಸರಿಗಷ್ಟೇ ಹುಲ್ಲು. ಪಾರ್ಥೇನಿಯಂ ನಿಜಕ್ಕೂ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಗಿಡ. ತವರು ಮೆಕ್ಸಿಕೊ ಮತ್ತು ಸುತ್ತಲಿನ ಅಮೆರಿಕದ ನಾಡುಗಳು.

ಅದು ಇಲ್ಲಿಗೆ ಬಂದ ಬಗೆ ಎಲ್ಲರಿಗೂ ಬಾಯಿಪಾಠ. ಪಿ.ಎಲ್. 480 ಯೋಜನೆಯಲ್ಲಿ ಅಮೆರಿಕ ಕಳಿಸಿದ ಗೋಧಿಯಲ್ಲಿ ಬೀಜ ಬೆರೆತಿತ್ತು, ಆಗ ಕಾಂಗ್ರೆಸ್ ಸರ್ಕಾರವಿತ್ತು, ಹೆಸರು ಅಂಟಿಕೊಂಡಿತು. ಬಿಳಿ ಹೂ ಗಾಂಧಿ ಟೋಪಿಯನ್ನು ನೆನಪಿಸುತ್ತದೆ ಎನ್ನುವವರೂ ಇದ್ದಾರೆ. ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಕತೆ ಎಡವುತ್ತದೆ. ಪುಣೆಯಲ್ಲಿ ಗಿಡ ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಭಾರತ ಪಿ.ಎಲ್. 480 ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. 1951ರಲ್ಲೇ ಅಮೆರಿಕ ಸಾಲದ ಮೇಲೆ ಧಾನ್ಯ ಕೊಟ್ಟಿತ್ತಾದ್ದರಿಂದ ಗೋಧಿಯನ್ನು ಪೂರ್ತಿ ಖುಲಾಸೆ ಮಾಡುವಂತಿಲ್ಲ. ಆದರೆ ಜನ ದೂರುವ ಆ ಒಪ್ಪಂದ ಗಿಡ ಕಾಣಿಸಿಕೊಂಡ ನಂತರದ್ದು.

ಯಾರನ್ನು ದೂರಿದರೂ ಗಿಡ ನಿಲ್ಲಲಿಲ್ಲ. ರೈಲುಹಳಿ, ರಸ್ತೆಬದಿ, ಖಾಲಿ ನಿವೇಶನಗಳ ಗುಂಟ ಹರಡಿತು. ಮುಟ್ಟಿದವರಲ್ಲಿ ಹಲವರಿಗೆ ಚರ್ಮ ಉರಿದು ತುರಿಸಿತು, ಕೆಲವರಿಗೆ ಪರಾಗದಿಂದ ಉಬ್ಬಸ ಬಂತು. ಕೊನೆಗೆ ವಿಜ್ಞಾನಿಗಳು ಅದರ ತವರಿನಿಂದಲೇ ಶತ್ರುವನ್ನು ಕರೆಸಿದರು. 1983ರಲ್ಲಿ ಮೆಕ್ಸಿಕೊದಿಂದ ತಂದ ಜೈಗೋಗ್ರಾಮ ಎಂಬ ಎಲೆ ತಿನ್ನುವ ಜೀರುಂಡೆಯನ್ನು ಮರುವರ್ಷ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಗಿಡಗಳನ್ನು ಬೋಳಾಗಿಸಿತು. ಮುಂದೆ ಸೂರ್ಯಕಾಂತಿ ಎಲೆಯ ಮೇಲೂ ಕಾಣಿಸಿಕೊಂಡಾಗ ರೈತರಲ್ಲಿ ಆತಂಕ ಹುಟ್ಟಿ, ದೊಡ್ಡ ಚರ್ಚೆಯೇ ನಡೆಯಿತು. ಒಣ ತಿಂಗಳುಗಳಲ್ಲಿ ಜೀರುಂಡೆ ಮಣ್ಣೊಳಗೆ ಮಲಗುತ್ತದೆ. ನೀರು ಬೀಳುವ ಕೈತೋಟದಲ್ಲಿ ಗಿಡ ಮಾತ್ರ ಮಲಗುವುದಿಲ್ಲ.

ಹಾಗಾಗಿ ಮನೆಯಂಗಳದ ಕೆಲಸ ಇಂದಿಗೂ ಕೈಯದೇ. ಮೊಳೆತ ತಿಂಗಳು, ಒಂದೂವರೆ ತಿಂಗಳಿಗೇ ಹೂ ಬರುತ್ತದೆ, ಬಲಿತ ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಬೇರುಸಹಿತ ಕೀಳಬೇಕು. ಹೂ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಬರಿದಾದ ಜಾಗದಲ್ಲಿ ಚೆಂಡುಹೂವನ್ನೋ ತಗಚೆಯನ್ನೋ ಬಿತ್ತಿದರೆ ಹೊಸ ಸಸಿಗಳಿಗೆ ಜಾಗ ಸಿಗುವುದು ಕಷ್ಟ.

ಕೀಳುವ ಕೈ ಬಹಳ ಮನೆಗಳಲ್ಲಿ ಮಾಲಿಯದೋ ಕೂಲಿಯವರದೋ ಆಗಿರುತ್ತದೆ. ಅವರಿಗೆ ಒಂದು ಜೊತೆ ಕೈಗವಸು, ತುಂಬುತೋಳಿನ ಅಂಗಿ ಕೊಟ್ಟ ಮೇಲೆಯೇ ಕೆಲಸ ಶುರುವಾಗಬೇಕು. ಮೊದಲ ದಿನ ಏನೂ ಆಗಲಿಲ್ಲವೆಂದು ಸುಮ್ಮನಾಗುವಂತಿಲ್ಲ. ಈ ಗಿಡದ ಅಲರ್ಜಿ ಮತ್ತೆ ಮತ್ತೆ ಮುಟ್ಟಿದ ಮೇಲೆ ಬರುವಂಥದ್ದು, ಒಮ್ಮೆ ಬಂದರೆ ವರ್ಷಗಟ್ಟಲೆ ಕಾಡುವಂಥದ್ದು.